ಫೋಟೊದಲ್ಲಿ ಗಿರಾಕಿ ಕಂಡದ್ದು

ಫೋಟೊ ತೆಗೆಯುವವರು ಒಂದನ್ನು ನೋಡಿ ತೆಗೆಯುತ್ತಾರೆ, ಅದನ್ನು ನೋಡುವವರ ಕಣ್ಣು ಇನ್ನೆಲ್ಲೋ ಹೋಗಿ ಕೂರುತ್ತದೆ. ಇದು ನನಗೆ ವಾರಕ್ಕೊಮ್ಮೆಯಾದರೂ ಆಗುವ ಅನುಭವ. ನನ್ನ ತವರು ರಾಯದುರ್ಗ, ಗಂಡನ ಮನೆ ಮಡಕಶಿರ. ಎರಡೂ ಕಡೆ ಸಣ್ಣಪುಟ್ಟ ವ್ಯಾಪಾರದವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ದೊಡ್ಡ ಕ್ಯಾಮೆರಾ ಇಲ್ಲ, ಇರುವ ಮೊಬೈಲಿನಲ್ಲೇ ಫೋಟೊ ತೆಗೆದು ಹಾಕುತ್ತೇನೆ. ಹಾಕಿದ ಮೇಲೆ ಏನಾಗುತ್ತದೆ ಅನ್ನುವುದು ನನ್ನ ಕೈಯಲ್ಲಿಲ್ಲ.

ಹಿಂದಿನ ಬಾಗಿಲು

ರಾಯದುರ್ಗದಲ್ಲಿ ನಮ್ಮ ತವರಿನ ಓಣಿಯಲ್ಲೇ ಒಬ್ಬರು ಜೀನ್ಸ್ ಪ್ಯಾಂಟ್ ಹೊಲಿಸಿ ಮಾರುತ್ತಾರೆ. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಅವರು ಟ್ಯೂಬ್‌ಲೈಟ್ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪ್ಯಾಂಟ್ ಹರಡಿ ಫೋಟೊ ತೆಗೆದಿಟ್ಟಿದ್ದರು. ನೀಲಿ ಪ್ಯಾಂಟು ಹಸಿರಾಗಿ ಕಾಣುತ್ತಿತ್ತು.

"ಇದು ಆಗಲ್ಲಣ್ಣ, ಬೆಳಕು ಬೇಕು" ಅಂತ ಮನೆಯೆಲ್ಲ ಓಡಾಡಿದೆ. ಹಿತ್ತಲಲ್ಲಿ ಅವರ ತಾತನ ಕಾಲದ ತೇಗದ ಬಾಗಿಲೊಂದಿತ್ತು. ಹಿತ್ತಾಳೆ ಗುಬಟು, ಹೂವಿನ ಕೆತ್ತನೆ, ಮೇಲೆ ಓರೆಯಾಗಿ ಬೀಳುವ ಬೆಳಗಿನ ಬಿಸಿಲು. ಚಿಲಕಕ್ಕೆ ಪ್ಯಾಂಟ್ ನೇತುಹಾಕಿ ತೆಗೆದೆ. ಫೋಟೊ ಎಷ್ಟು ಚೆನ್ನಾಗಿ ಬಂತೆಂದರೆ ಅಣ್ಣ ಅದನ್ನು ತಮ್ಮ ಬೀಗರಿಗೆಲ್ಲ ಕಳಿಸಿದರು.

ಸೈಟಿಗೆ ಹಾಕಿದ ಮರುದಿನವೇ ಬಳ್ಳಾರಿಯಿಂದ ಫೋನು. ಅಣ್ಣ ಖುಷಿಯಿಂದ ಸ್ಪೀಕರ್ ಹಾಕಿದರು.

"ಎಷ್ಟಕ್ಕ ಕೊಡ್ತೀರಿ?"

"ಸೈಜ್ ಹೇಳ್ರಿ, ರೇಟ್ ಹೇಳ್ತೀನಿ."

"ಸೈಜ್ ನೀವಾ ಅಳತಿ ಮಾಡಿ ಹೇಳಬೇಕ್ರಿ. ಆ ಪ್ಯಾಂಟ್ ಒಂದೀಟು ಸರಿಸಿ ಇನ್ನೊಂದು ಫೋಟೊ ಕಳಸ್ರಿ. ಬಾಗಲು ಪೂರಾ ಕಾಣವಲ್ದು."

ಆ ವಾರವೆಲ್ಲ ಬಂದ ಫೋನುಗಳು ಬಾಗಿಲಿಗೇ. ನಾನು ಅವಸರದಿಂದ ಬಿಳಿ ಬೆಡ್‌ಶೀಟ್ ಕಟ್ಟಿ, ಅದರ ಮುಂದೆ ಪ್ಯಾಂಟ್ ಹಿಡಿದು, ಎಲ್ಲ ಫೋಟೊ ಬದಲಾಯಿಸಿದೆ. ಪ್ಯಾಂಟಿಗೂ ಆರ್ಡರ್ ಬರಲು ಶುರುವಾಯಿತು.

ಮುಂದಿನ ಸಲ ತವರಿಗೆ ಹೋದಾಗ ಅವರ ಹಿತ್ತಲು ನೋಡಿದೆ. ಬಾಗಿಲಿದ್ದ ಜಾಗದಲ್ಲಿ ಜೀನ್ಸ್ ಬಟ್ಟೆಯ ಪರದೆ ತೂಗುತ್ತಿತ್ತು.

"ಯಾಕಣ್ಣ, ಬಾಗಲು ಏನಾತು?"

"ಚಲೋ ರೇಟ್ ಬಂತವ್ವ, ಕೊಟ್ಟುಬಿಟ್ಟೆ" ಅಂದರು ಅಣ್ಣ. "ಮತ್ತ ಒಂದು ಕೆಲಸ ಐತಿ ನಿಂದು. ಈ ಸಲ ಪ್ಯಾಂಟ್ ಕಿಟಕಿಗೆ ಹಾಕಿ ತೆಗಿ."

ಪಾತ್ರೆಯೊಳಗಿನ ಯಜಮಾನರು

ಮಡಕಶಿರದ ಸ್ಟೀಲ್ ಪಾತ್ರೆ ಅಂಗಡಿಯದು ಚಿಕ್ಕ ಕತೆ. ಬೇಸಿಗೆಯ ಮಧ್ಯಾಹ್ನ, ಅಂಗಡಿ ಬಾಗಿಲು ಅರ್ಧ ಹಾಕಿಕೊಂಡು ಫೋಟೊ ತೆಗೆಯುತ್ತಿದ್ದೆವು. ಫ್ಯಾನ್ ಹಾಕಿದರೆ ಜೋಡಿಸಿದ ಲೋಟದ ಮೇಲಿನ ಕಾಗದವೆಲ್ಲ ಹಾರುತ್ತಿತ್ತು, ಅದಕ್ಕೆ ಆರಿಸಿದೆ. ಯಜಮಾನರು ಸೆಕೆ ತಾಳಲಾರದೆ ಅಂಗಿ ಬಿಚ್ಚಿಟ್ಟರು. ಉಳಿದದ್ದು ತೂತು ಬಿದ್ದ ಬನಿಯನ್ನು, ಹೆಗಲಿಗೊಂದು ಚೌಕದ ಟವೆಲ್.

"ಫೋಟೊ ಪಾತ್ರೆದು ತಾನೆ ಕಣಮ್ಮ, ನಂದೇನಲ್ವಲ್ಲ" ಅಂದರು. ನಾನೂ ಹೌದೆಂದುಕೊಂಡೆ. ಮೊಬೈಲಿನ ಸಣ್ಣ ಪರದೆಯಲ್ಲಿ ಪಾತ್ರೆಗಳು ಮಿಣಿಮಿಣಿ ಅನ್ನುವುದಷ್ಟೇ ಕಂಡಿತು. ಸೈಟಿಗೆ ಹಾಕಿದೆ.

ಪಾವಗಡದಲ್ಲಿರುವ ಅವರ ಭಾವಮೈದುನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರು. ಪ್ರತಿ ಪಾತ್ರೆಯ ಹೊಟ್ಟೆಯಲ್ಲೂ ಯಜಮಾನರು ನಿಂತಿದ್ದರು. ಚೊಂಬಿನಲ್ಲಿ ಬಿದಿರಿನ ಗಳದಂತೆ ಉದ್ದ, ಕೊಳಗದಲ್ಲಿ ಅಡ್ಡಡ್ಡ, ಇಡ್ಲಿ ಪಾತ್ರೆಯಲ್ಲಿ ಬರೀ ಹೊಟ್ಟೆ. ಬನಿಯನ್ನಿನ ತೂತು ಮಾತ್ರ ಎಲ್ಲದರಲ್ಲೂ ಸ್ಪಷ್ಟ.

ಪಾತ್ರೆಯ ಸುತ್ತ ಬಿಳಿ ಬಟ್ಟೆ ಕಟ್ಟಿ, ಮೊಬೈಲ್ ತೂರುವಷ್ಟೇ ಸಂದಿ ಬಿಟ್ಟು ಮತ್ತೆಲ್ಲ ತೆಗೆದುಕೊಟ್ಟೆ. ಆದರೆ ಅಷ್ಟರಲ್ಲಿ ಭಾವಮೈದುನನ ಫೋನು ಬಂದಾಗಿತ್ತು.

"ಭಾವ, ಪಾತ್ರೆ ಎಲ್ಲ ಚೆನ್ನಾಗವೆ. ವ್ಯಾಪಾರ ಹೆಂಗೈತೆ?"

"ಪರವಾಗಿಲ್ಲಪ್ಪ, ನಡೀತೈತೆ."

"ಸಂಕೋಚ ಮಾಡ್ಕಬ್ಯಾಡಿ ಭಾವ. ನಮ್ಮಕ್ಕಂಗೆ ಹೇಳಲ್ಲ. ಎರಡು ಅಂಗಿ ನಾಳೆ ಬಸ್ಸಿಗೆ ಹಾಕ್ತೀನಿ."

ಟಗರಿನ ಮೇಕಪ್ಪು

ಗುಮ್ಮಘಟ್ಟದ ಕಡೆ ಕುರಿ ಸಾಕುವ ಯಜಮಾನರೊಬ್ಬರು ಒಂದು ಟಗರನ್ನು ಸೈಟಿನಲ್ಲಿ ಮಾರಬೇಕೆಂದರು. ಹೋಗಿ ತೆಗೆದೆ. ಹಿಂದಿನ ದಿನ ನನ್ನ ನಾದಿನಿ ಮದುವೆಯೊಂದರಲ್ಲಿ ನನ್ನ ಮೊಬೈಲಿನಲ್ಲೇ ಸೆಲ್ಫಿ ತೆಗೆದುಕೊಂಡಿದ್ದಳು. ಮುಖ ಬೆಳ್ಳಗೆ ಮಾಡುವ ಆ ಬ್ಯೂಟಿ ಮೋಡ್ ಹಾಗೇ ಉಳಿದಿದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಬಿಸಿಲೂ ಕೂಡಿಕೊಂಡು, ಮಣ್ಣು ಬಣ್ಣದ ಟಗರು ಫೋಟೊದಲ್ಲಿ ಹಾಲಿನಂತೆ ಬೆಳ್ಳಗಾಗಿತ್ತು.

ತವರುಮನೆಗೆ ಬಂದು ಸೈಟಿಗೆ ಹಾಕಿದ ಮೇಲೆ ತಪ್ಪು ಗೊತ್ತಾಯಿತು. ಯಜಮಾನರಿಗೆ ಫೋನ್ ಮಾಡಿದೆ. "ಫೋಟೊ ಬದಲಾಯಿಸ್ತೀನಿ, ಟಗರು ಇದ್ದಂಗೆ ಕಾಣ್ಬೇಕು."

"ಆಗಲೇ ಚಳ್ಳಕೆರೆ ಕಡೆಯೋರು ನೋಡಿ, ನಾಳೆ ಬರ್ತೀವಿ ಅಂದಾರ್ರಿ. ನೀವು ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ನಾನು ಸರಿ ಮಾಡ್ತೀನಿ" ಅಂದರು.

ಬಂದವರಿಗೆ ನಿಜ ಹೇಳಿಬಿಡೋಣ ಅಂತ ಬೆಳಿಗ್ಗೆಯೇ ಶೇರ್ ಆಟೊ ಹಿಡಿದು ಹೋದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಾಕಿ ಟಗರಿನ ಮುಂದೆ ನಿಂತಾಗಿತ್ತು. ಟಗರು ಥೇಟ್ ಫೋಟೊದಲ್ಲಿದ್ದ ಹಾಗೆಯೇ ಬೆಳ್ಳಗಿತ್ತು. ನನಗೇ ಕಣ್ಣುಜ್ಜಿಕೊಳ್ಳುವಂತಾಯಿತು. ಗಿರಾಕಿ ಮೆಚ್ಚಿ ಅದರ ಬೆನ್ನು ತಟ್ಟಿದರು. ಬೆನ್ನಿನಿಂದ ಬಿಳಿ ಧೂಳು ಎದ್ದಿತು. ಅಂಗೈ ನೋಡಿಕೊಂಡರು, ಮೂಸಿದರು. ಮಕ್ಕಳಿಗೆ ಹಚ್ಚುವ ಪೌಡರು.

ನಾನು ಅಲ್ಲೇ ನಿಂತು ಮೊಬೈಲಿನ ಕತೆಯನ್ನೆಲ್ಲ ಹೇಳಿದೆ. ಗಿರಾಕಿ ನಕ್ಕು, ಟಗರಿನ ಹಲ್ಲು ನೋಡಿ, ತೂಕ ನೋಡಿ, ಬಣ್ಣ ಹೆಂಗಿದ್ದರೇನು ಅಂತ ಒಪ್ಪಿಕೊಂಡರು. ಆದರೂ ಕೇಳದೆ ಬಿಡಲಿಲ್ಲ.

"ಅಲ್ಲ ಯಜಮಾನ್ರೆ, ನಾನು ಟಗರು ನೋಡೋಕೆ ಬಂದಿದ್ನೋ, ಹೆಣ್ಣು ನೋಡೋಕೆ ಬಂದಿದ್ನೋ?"

ಯಜಮಾನರು ಒಂಚೂರೂ ನಾಚಲಿಲ್ಲ. "ಹೆಣ್ಣಾಗಿದ್ರ ಉಪ್ಪಿಟ್ಟು ಮಾಡಿಸ್ತಿದ್ದೆ. ಟಗರಿಗೆ ಬರೇ ಚಾ, ಕುಡೀರಿ."

ಪಂಕ್ತಿಯಲ್ಲಿ ಕೂತವರು

ಇದು ನಮ್ಮ ಮನೆಯೊಳಗೇ ಆದದ್ದು. ಅಗಳಿ ಕಡೆ ಮದುವೆ ಅಡುಗೆ ವಹಿಸಿಕೊಳ್ಳುವ ಒಬ್ಬರಿಗೆ ಸೈಟ್ ಮಾಡಿಕೊಟ್ಟಿದ್ದೆ. ಫೋಟೊ ತಾವೇ ತೆಗೆದು ತಾವೇ ಹಾಕುವುದನ್ನೂ ಕಲಿಸಿದ್ದೆ. "ಬರೀ ಅನ್ನ ಸಾರು ತೆಗೀಬೇಡಿ, ತಿನ್ನೋರ ಮುಖ ತೆಗೀರಿ, ಅವರನ್ನ ಕೇಳಿ ತೆಗೀರಿ" ಅಂದಿದ್ದೆ. ಅವರು ಹಾಗೇ ಮಾಡಿದರು.

ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ಅತ್ತೆ ಬೆಲ್ಲದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಮಾವ ಮುಖ ಸಪ್ಪೆ ಮಾಡಿಕೊಂಡು ರಾಗಿಮುದ್ದೆ, ಸೊಪ್ಪಿನ ಸಾರು ಉಣ್ಣುತ್ತಾರೆ. ಆಗಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ರಕ್ತ ಪರೀಕ್ಷೆಗೆ ಹಿಂದೂಪುರಕ್ಕೆ ಅಂತ ಹೇಳಿ ಬಸ್ಸು ಹತ್ತುತ್ತಾರೆ.

ಒಂದು ಸಂಜೆ ಅತ್ತೆ, "ನೀನು ಅದೇನು ಮಾಡ್ತೀಯೋ ನಮ್ಗೂ ತೋರ್ಸೇ" ಅಂದರು. ಹೆಮ್ಮೆಯಿಂದ ಅಡುಗೆಯವರ ಸೈಟನ್ನು ಟಿವಿಯಲ್ಲೇ ತೆರೆದೆ. ಮೊದಲ ಫೋಟೊ ಪರದೆ ತುಂಬ ಬಂತು. ಬಾಳೆಲೆ, ಎಲೆಯ ಮೇಲೆ ಹೋಳಿಗೆ, ಮೇಲಿನಿಂದ ಸುರಿಯುತ್ತಿರುವ ತುಪ್ಪ, ಅದರ ಮುಂದೆ ಕಣ್ಣು ಮುಚ್ಚಿ ಸ್ವರ್ಗದಲ್ಲಿರುವ ನಮ್ಮ ಮಾವ.

ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. "ನನ್ನಂಗೇ ಇರೋರು ಯಾರೋ" ಅಂತ ಪೇಪರಿನ ಹಿಂದಿನಿಂದ ಮಾತು ಬಂತು.

ಅತ್ತೆ ಅವರ ಕಡೆ ತಿರುಗಲಿಲ್ಲ. ಪರದೆಯ ಕೆಳಗಿದ್ದ ನಂಬರನ್ನು ನನ್ನ ಕೈಲಿ ಒತ್ತಿಸಿ, ಸ್ಪೀಕರ್ ಹಾಕಿಸಿದರು.

"ಅಡುಗೆಯೋರೇನಪ್ಪ? ನಿಮ್ ಫೋಟೊದಾಗೆ ಹೋಳಿಗೆ ತಿಂತಿರೋ ಹಿರೀಕರು ಯಾರು?"

ಅತ್ತ ಅಡುಗೆಯವರು, ಗಿರಾಕಿಯೇ ಸಿಕ್ಕಿದರೆಂದು ಹುಮ್ಮಸ್ಸಿನಿಂದ ಹೇಳಿದರು. "ಅವ್ರಾ ತಾಯಿ? ಮಡಕಶಿರದ ಯಜಮಾನ್ರು. ಯಾರ ಮದುವೆ ಆದ್ರೂ ಸೈ, ನಮ್ದು ಅಡುಗೆ ಅಂದ್ರೆ ಬಂದೇ ಬತ್ತಾರೆ. ಮೊದ್ಲು ಅಡುಗೆ ಮನೆಗೆ ಬಂದು, ಹೂರಣದ ರುಚಿ ನೋಡಿ ಹೂಂ ಅಂತಾರಲ್ಲ, ಆಮೇಲೇನೇ ನಾವು ಎಲೆ ಹಾಕೋದು."

ಪೇಪರು ಸದ್ದಿಲ್ಲದೆ ಇನ್ನೂ ಸ್ವಲ್ಪ ಮೇಲಕ್ಕೇರಿತು. ಅತ್ತೆ ಫೋನಿನ ಹತ್ತಿರಕ್ಕೆ ಬಾಗಿದರು.

"ಮುಂದಿನ ಮದುವೆ ಯಾವತ್ತಪ್ಪ?"

"ಬರೋ ಗುರುವಾರ ತಾಯಿ, ಅಗಳೀಲೇ."

"ನಾವಿಬ್ರೂ ಬತ್ತೀವಿ, ಅಕ್ಕಪಕ್ಕ ಎರಡೆಲೆ ಹಾಕ್ಸು" ಅಂದರು ಅತ್ತೆ. "ಅವ್ರ ಪಾಲಿನ ಹೋಳಿಗೆ ನನ್ನೆಲೆಗೆ ಬಡ್ಸು. ಅವ್ರು ನೋಡ್ತಾ ಕೂತ್ಕಳ್ಳಿ, ಅದನ್ನ ಫೋಟೊ ತೆಗಿ."