ಕೌಬಾಯ್ ಕೋವಿ, ಕೈಗೆ ಸಿಗದ ಜಿಂಕೆ

ಕೋವಿ ಇಟ್ಟುಕೊಂಡವನಿಗೆ ಜಿಂಕೆ ಸಿಗದೇ ಹೋಗಬಹುದು, ಫಜೀತಿ ಮಾತ್ರ ತಪ್ಪದೇ ಸಿಗುತ್ತದೆ. ಅದೂ ನನ್ನಂಥವನಿಗೆ. ಎಂಟನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ನಂಜನಗೂಡಿನಲ್ಲಿ ಲಾರಿ ಹತ್ತಿದವನು ನಾನು. ಕ್ಲೀನರ್ ಆದೆ, ಡ್ರೈವರ್ ಆದೆ, ದುಬೈಯಲ್ಲಿ ಮೀನಿನ ಪೆಟ್ಟಿಗೆ ಹೊತ್ತೆ. ಕೊನೆಗೆ ನರ್ಸ್ ಆಗಿರುವ ಹೆಂಡತಿಯ ವೀಸಾದ ಬಾಲ ಹಿಡಿದುಕೊಂಡು ನ್ಯೂಜಿಲೆಂಡಿಗೆ ಬಂದಿಳಿದೆ. ಈಗ ಒನೆಹುಂಗಾ ಬಡಾವಣೆಯಲ್ಲಿ ಮನೆ. ಆಕ್ಲೆಂಡಿನ ಸುತ್ತಮುತ್ತಲ ಫಾರ್ಮುಗಳಿಗೆ ಟ್ರಕ್ಕಿನಲ್ಲಿ ಬೇಲಿ ಕಂಬ, ಗೊಬ್ಬರ ಸಾಗಿಸುವ ಕೆಲಸ.

ಹಾಗೆ ಕಂಬ ಇಳಿಸಲು ಹೋದ ಒಂದು ಫಾರ್ಮಿನಲ್ಲಿ ಮುದುಕನೊಬ್ಬ ಟೀ ಕೊಟ್ಟು, ಕಬ್ಬಿಣದ ಬೀರು ತೆಗೆದು ತನ್ನ ಹಳೇ ಕೋವಿ ತೋರಿಸಿದ. ಕುದುರೆ ಮೇಲೆ ಕೂತು ಡಕಾಯಿತರನ್ನು ಅಟ್ಟಿಸಿಕೊಂಡು ಹೋಗುವ ಇಂಗ್ಲಿಷ್ ಸಿನಿಮಾಗಳಲ್ಲಿ ಇರುತ್ತದಲ್ಲ, ಅದೇ ಲೀವರ್ ಕೋವಿ. ಟ್ರಿಗರ್ ಸುತ್ತ ದೊಡ್ಡ ಬಳೆಯಂಥ ಒಂದು ಹಿಡಿ. ಅದನ್ನು ಕೆಳಕ್ಕೆ ಎಳೆದರೆ ಗುಂಡು ಹಾರಿದ ಹಿತ್ತಾಳೆ ತೋಟೆ ಹೊರಗೆ, ಮೇಲಕ್ಕೆ ಎತ್ತಿದರೆ ಹೊಸ ತೋಟೆ ಒಳಗೆ. ಚಕ್, ಚಕ್. ಆ ಸದ್ದು ಕಿವಿಗೆ ಬಿದ್ದದ್ದೇ ನಾನು ಕೆಟ್ಟೆ.

"ನನ್ನ ಮಂಡಿ ಸೋತಿದೆ, ಬೆಟ್ಟ ಹತ್ತೋಕಾಗಲ್ಲ. ಲೈಸೆನ್ಸ್ ಮಾಡ್ಸು, ನಿನಗೇ ಕೊಡ್ತೀನಿ" ಅಂದ ಮುದುಕ.

ಹೆಂಡತಿಯ ಸರ್ಟಿಫಿಕೇಟು

ಈ ದೇಶದಲ್ಲಿ ಕೋವಿ ಲೈಸೆನ್ಸ್ ಬೇಕೆಂದರೆ ಪರೀಕ್ಷೆ ಪಾಸಾದರೆ ಸಾಲದು, ಹೆಂಡತಿಯೂ ಪಾಸು ಮಾಡಬೇಕು. ಲೈಸೆನ್ಸ್ ಆಫೀಸಿನ ಒಬ್ಬ ಹೆಂಗಸು ವಿಚಾರಣೆಗೆ ಮನೆಗೇ ಬಂದರು. ಮೊದಲು ನನ್ನನ್ನು ಕೇಳಿದರು, ಆಮೇಲೆ ನನ್ನನ್ನು ಹೊರಗೆ ಕಳಿಸಿ ಹೆಂಡತಿಯನ್ನು ಕೂರಿಸಿಕೊಂಡರು. ನಾನು ಕಿಟಕಿ ಕೆಳಗೆ ಗುಲಾಬಿ ಗಿಡಕ್ಕೆ ನೀರು ಹಾಕುವವನಂತೆ ನಿಂತೆ.

"ನಿಮ್ಮ ಗಂಡನಿಗೆ ಸಿಟ್ಟು ಬರುತ್ತಾ?"

"ಬಂದ್ರೆ ಒಳ್ಳೇದಿತ್ತು. ಅಡುಗೆಮನೆ ನಲ್ಲಿ ಸೋರ್ತಾ ಇದೆ, ಅದನ್ನ ನೋಡಿದ್ರೂ ಸಿಟ್ಟು ಬರಲ್ಲ."

"ಮನೆಯಲ್ಲಿ ಕೋವಿ ಇದ್ದರೆ ನಿಮಗೆ ಭಯ ಆಗಲ್ವಾ?"

ನನ್ನವಳು ಉಪ್ಪಿಟ್ಟಿನ ತಟ್ಟೆಯನ್ನು ಅವರ ಕಡೆ ಸರಿಸಿ ನಿಧಾನವಾಗಿ ಹೇಳಿದಳು: "ನೋಡಿ ಮೇಡಂ, ಕ್ಯಾಲೆಂಡರ್ ನೇತುಹಾಕಿ ಅಂತ ಸುತ್ತಿಗೆ ಕೊಟ್ರೆ ಇವರು ಮೊಳೆ ಬಿಟ್ಟು ಗೋಡೆಗೆಲ್ಲ ಹೊಡೀತಾರೆ. ಇವರ ಕೈಲಿ ಕೋವಿ ಇದ್ರೆ ಗುರಿ ಮುಂದೆ ನಿಲ್ಲೋದೇ ಕ್ಷೇಮ."

ಲೈಸೆನ್ಸ್ ಬಂತು. ಇಷ್ಟು ಅವಮಾನ ಮಾಡಿಸಿಕೊಂಡು ಸರ್ಕಾರದಿಂದ ಏನನ್ನಾದರೂ ಪಡೆದವನು ನಾನೊಬ್ಬನೇ ಇರಬೇಕು.

ಮೊದಲ ಗುಂಡು

ಮುದುಕನ ಫಾರ್ಮಿನಲ್ಲೇ ಮೊದಲ ಗುಂಡು ಹಾರಿಸಿದೆ. ದೂರದ ಮಣ್ಣುದಿಬ್ಬಕ್ಕೆ ಒಂದು ರಟ್ಟು ನಿಲ್ಲಿಸಿದ್ದ. ಢಂ ಅಂತು. ರಟ್ಟಿಗೆ ಏನೂ ಆಗಲಿಲ್ಲ. ಆದರೂ ಸಿನಿಮಾದವರ ಗತ್ತಿನಲ್ಲಿ ಜೋರಾಗಿ ಹಿಡಿ ಎಳೆದೆ. ಹಳೇ ಲೀವರ್ ಕೋವಿ ಸುಟ್ಟ ತೋಟೆಯನ್ನು ಪಕ್ಕಕ್ಕಲ್ಲ, ನೆತ್ತಿ ಮೇಲಕ್ಕೆ ಎಸೆಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕೆಂಡದಂಥ ಹಿತ್ತಾಳೆ ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ನೆಟ್ಟಗೆ ನನ್ನ ಅಂಗಿಯ ಕಾಲರಿನೊಳಗೆ ಇಳಿಯಿತು.

ಕೋವಿಯ ಬಾಯಿ ದಿಬ್ಬದ ಕಡೆಯಿಂದ ಅಲುಗಬಾರದು ಎಂಬುದು ಲೈಸೆನ್ಸ್ ಪಾಠದ ಮೊದಲ ನಿಯಮ. ಅದು ಅಲುಗಲಿಲ್ಲ. ಕೋವಿ ಒಂದು ಬಿಟ್ಟು ಉಳಿದದ್ದೆಲ್ಲ ಕುಣಿಯಿತು. ಸೊಂಟ ಒಂದು ಕಡೆ, ಭುಜ ಒಂದು ಕಡೆ, ಬಾಯಲ್ಲಿ ಅಯ್ಯಯ್ಯೋ ಅಮ್ಮಯ್ಯೋ.

ಮುದುಕ ಪೈಪು ಬಾಯಿಂದ ತೆಗೆದು ಗಂಭೀರವಾಗಿ ಕೇಳಿದ: "ನಿಮ್ಮೂರ ಕಡೆ ಗುರಿ ತಪ್ಪಿದ್ರೂ ಹೀಗೆ ಕುಣೀತೀರಾ, ಇಲ್ಲಾ ತಾಗಿದ್ರೆ ಮಾತ್ರಾನಾ?"

ಆಯುಧ ಪೂಜೆ

ಇಲ್ಲಿನ ನಮ್ಮವರು ಆಯುಧ ಪೂಜೆಗೆ ಕಾರು ತೊಳೆಯುತ್ತಾರೆ, ಲ್ಯಾಪ್‌ಟಾಪಿಗೆ ಕುಂಕುಮ ಇಡುತ್ತಾರೆ. ಒಬ್ಬರು ಮಿಕ್ಸಿಗೂ ಹೂವು ಮುಡಿಸಿದ್ದನ್ನು ಕಂಡಿದ್ದೇನೆ. ಆದರೆ ಆಯುಧ ಎಂಬಂಥ ಆಯುಧ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಸುದ್ದಿ ಹಬ್ಬಿ, ಅಂಕಲ್ಲು ಆಂಟಿಯರು ಹಣ್ಣುಕಾಯಿ ಹಿಡಿದುಕೊಂಡು ಬಂದರು. ಕೋವಿ ಖಾಲಿ ಇದೆ ಎಂದು ಎಲ್ಲರಿಗೂ ಹಿಡಿ ಎಳೆದು ತೋರಿಸಿ, ಮಣೆಯ ಮೇಲೆ ಮಲಗಿಸಿದೆ.

ಒಬ್ಬ ಅಂಕಲ್ ಕೇಳಿದರು: "ಕೊಡಗಿನವರಾ ನೀವು?"

"ಇಲ್ಲ ಅಂಕಲ್, ನಂಜನಗೂಡು."

"ನಂಜನಗೂಡಲ್ಲಿ ಬಾಳೆಹಣ್ಣಲ್ವೇನ್ರೀ ಇರೋದು!"

ಪೂಜೆ ಜೋರಾಗಿಯೇ ಆಯಿತು. ಗಂಧ, ಅರಿಶಿನ, ಸೇವಂತಿಗೆ. ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುವ ಹಾಗೆ ನನ್ನವಳು ಕೋವಿಯ ಹಿಡಿಯ ಕೆಳಗೂ ಒಂದು ಇಟ್ಟು, "ಅಮುಕಿ" ಅಂದಳು. ಅಮುಕಿದೆ. ರಸ ಒಳಗೆ ಹೋಯಿತು. ಅದರ ಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ಅಕ್ಷತೆ ಹಾಕಿದರು. ಕೋವಿಯ ಪಕ್ಕೆಯಲ್ಲಿ ತೋಟೆ ತುಂಬುವುದಕ್ಕೆ ಒಂದು ಕಿಂಡಿ ಇದೆ. ಭಕ್ತಿ ಎಲ್ಲ ಅದರೊಳಗೆ ಸೇರಿಕೊಂಡಿತು.

ಮುಂದಿನ ಶನಿವಾರ ಬೆಟ್ಟದಲ್ಲಿ ಹಿಡಿ ಅರ್ಧಕ್ಕೇ ಕಚ್ಚಿಕೊಂಡು ನಿಂತಿತು. ಮುದುಕನ ಹತ್ತಿರ ಒಯ್ದೆ. ಅಡುಗೆಮನೆ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಸ್ಕ್ರೂ ಬಿಚ್ಚಿ, ಕೋವಿಯನ್ನು ತಲೆಕೆಳಗು ಮಾಡಿ ತಟ್ಟಿದ. ಅರಿಶಿನದ ಅಕ್ಕಿ ಸುರಿಯಿತು. ಮತ್ತೆ ತಟ್ಟಿದ. ಸೇವಂತಿಗೆ ಎಸಳು, ಒಂದು ನಿಂಬೆ ಬೀಜ.

ಮುದುಕ ಅಕ್ಕಿಯನ್ನು ಬೆರಳಲ್ಲಿ ಸವರಿ ನೋಡಿದ. "ಮೇಟ್, ಕೋವಿಯೊಳಗೆ ಕೆಸರು ನೋಡಿದ್ದೀನಿ, ಹುಲ್ಲು ನೋಡಿದ್ದೀನಿ, ಒಂದು ಸಲ ಜೇಡ ಮರಿ ಹಾಕಿತ್ತು. ಮಧ್ಯಾಹ್ನದ ಊಟ ಸಿಕ್ಕಿದ್ದು ಇದೇ ಮೊದಲು."

ಉಡಿದಾರದ ಬೀಗದ ಕೈ

ಕೋವಿ ಇಡಲು ನೆಲಕ್ಕೆ ಬೋಲ್ಟ್ ಹೊಡೆದ ಕಬ್ಬಿಣದ ಬೀರು ಬೇಕು. ಅದನ್ನು ಮೊದಲೇ ತಂದಿಟ್ಟಿದ್ದೆ. ನನ್ನವಳು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಷ್ಟು ಗಟ್ಟಿ ಬೀರು ಒಂದು ಕೋವಿಗಾ?" ಎಂದು ತನ್ನ ಒಡವೆ ಎಲ್ಲ ತಂದು ಮೇಲಿನ ಅರೆಗೆ ಇಟ್ಟಳು. ನಾನೂ ಬೀಗ ಹಾಕಿದೆ. ಕಾನೂನಿನ ಪ್ರಕಾರ ಲೈಸೆನ್ಸ್ ಇದ್ದವನ ಹೊರತು ಬೇರೆ ಯಾರಿಗೂ ಆ ಬೀಗದ ಕೈ ಸಿಗಬಾರದು. ಹಾಗಾಗಿ ಅದನ್ನು ನನ್ನ ಉಡಿದಾರಕ್ಕೆ ಕಟ್ಟಿಕೊಂಡೆ. ಇದರ ಪರಿಣಾಮ ಇಬ್ಬರಿಗೂ ಹೊಳೆಯಲಿಲ್ಲ.

ಪರಿಚಯದವರ ಮದುವೆಯ ದಿನ ಬಂತು. ನಾನು ಅಂದು ಬೇಟೆಗೆ ಹೋಗಿದ್ದೆ. ಬೆಟ್ಟದ ತುದಿಯಲ್ಲಿ ಫೋನು ಹೊಡೆದುಕೊಂಡಿತು.

"ರೀ, ಬೀರು ಬೀಗದ ಕೈ ಎಲ್ಲಿ?"

"ಉಡಿದಾರದಲ್ಲಿದೆ."

"ಉಡಿದಾರ ಎಲ್ಲಿ?"

"ಸೊಂಟದಲ್ಲಿ."

"ಸೊಂಟ ಎಲ್ಲಿದೆ ರೀ?"

"ಇಲ್ಲೇ... ಬೆಟ್ಟದ ಮೇಲೆ."

ಆ ಕಡೆಯಿಂದ ಫೋನು ಕುಕ್ಕಿದ ಸದ್ದು ಬಂತು.

ಪಾಪ, ರೇಷ್ಮೆ ಸೀರೆಗೆ ಬರೀ ತಾಳಿ ಹಾಕಿಕೊಂಡು ಹೋದಳಂತೆ. ಆಂಟಿಯೊಬ್ಬರು "ಯಾಕಮ್ಮಾ, ಕತ್ತು ಬೋಳು?" ಎಂದರಂತೆ. ಇವಳು ಸಿಟ್ಟಿನಲ್ಲಿ, "ಕೋವಿ ಕಾಯ್ದೆ ಪ್ರಕಾರ ಒಳಗೆ ಹಾಕಿದಾರೆ" ಅಂದುಬಿಟ್ಟಳು. ಅವಳು ಹೇಳಿದ್ದು ಒಡವೆಯನ್ನು. ಸಾಯಂಕಾಲದೊಳಗೆ ಆಕ್ಲೆಂಡಿನ ಕನ್ನಡಿಗರೆಲ್ಲ ನನ್ನನ್ನು ಜೈಲಿಗೆ ಹಾಕಿ ಮುಗಿಸಿದ್ದರು. ನಾನು ಮನೆ ಸೇರುವಾಗ ಬಾಗಿಲಲ್ಲಿ ಒಬ್ಬರು ಸಾಂತ್ವನಕ್ಕೆ ಬಿಸಿಬೇಳೆಬಾತ್ ಹಿಡಿದು ನಿಂತಿದ್ದರು.

ಒಡವೆ ಅಂದೇ ಅಕ್ಕಿ ಡಬ್ಬಕ್ಕೆ ಹೋಯಿತು. ಬಿಸಿಬೇಳೆಬಾತ್ ಬಡಿಸುತ್ತಾ ನನ್ನವಳು ತೀರ್ಪು ಕೊಟ್ಟಳು:

"ಜೂನ್‌ನಲ್ಲಿ ಚಳಿಗಾಲ ಶುರುವಾಗೋದ್ರೊಳಗೆ ಒಂದು ಜಿಂಕೆ ಮನೆಗೆ ಬರಬೇಕು. ಬರಲಿಲ್ಲ ಅಂದ್ರೆ ಕೋವಿ ಮನೆಯಿಂದ ಹೋಗಬೇಕು. ವಾಪಸ್ಸು ಆ ಅಜ್ಜನಿಗೇ."

"ಒಂದು ಜಿಂಕೆ ತಾನೇ!" ಎಂದೆ.

"ಇಷ್ಟು ದಿನ ಒಂದು ಬಾಲಾನೂ ಬಂದಿಲ್ಲ" ಅಂದಳು.

ಕಣಿವೆಯ ಕೂಗು

ಏಪ್ರಿಲ್ ಬಂತೆಂದರೆ ಇಲ್ಲಿನ ಗಂಡು ಜಿಂಕೆಗಳು ಹೆಣ್ಣಿಗಾಗಿ ಗೂಳಿಯ ಹಾಗೆ ಕೂಗುತ್ತವೆ. ಬೇಟೆಗಾರರು ಪೈಪು ಊದಿ ಹಾಗೇ ಕೂಗಿದರೆ, ಇವನ್ಯಾರು ನನ್ನ ಜಾಗಕ್ಕೆ ಬಂದವನು ಎಂದು ಜಿಂಕೆ ಜಗಳಕ್ಕೆ ಬರುತ್ತದೆ. ಕೋವಿ ಉಳಿಸಿಕೊಳ್ಳಲು ನನಗಿದ್ದ ಒಳ್ಳೇ ಅವಕಾಶ ಅದೊಂದೇ. ಪ್ಲಂಬಿಂಗ್ ಪೈಪಿನ ಒಂದು ತುಂಡು ಕತ್ತರಿಸಿಕೊಂಡು ಹೊರಟೆ.

ಲೋವರ್ ಹಟ್ ಎಂಬ ಊರಿನಿಂದ ನನ್ನ ಸ್ನೇಹಿತನೊಬ್ಬ ಬಂದಿದ್ದ. ಎಂಜಿನಿಯರು. ಮೊಟ್ಟೆಯನ್ನೂ ಮುಟ್ಟದವನು. ಆದರೂ ಕಾಡು ನೋಡುತ್ತೇನೆ ಅಂದ. ಅವನಿಗೆ ಕಿತ್ತಲೆ ಬಣ್ಣದ ಜಾಕೆಟ್ ಹಾಕಿಸಿ, ಯೂಟ್ ಎಂಬ ಇಲ್ಲಿನ ಪಿಕಪ್ ಗಾಡಿಯ ಹತ್ತಿರ ಕೂರಿಸಿ, "ಅಲುಗಾಡಬೇಡ" ಎಂದು ಕಣಿವೆಗೆ ಇಳಿದೆ.

ಪೈಪು ಊದಿದೆ. ಆಂಂಂ... ಕಣಿವೆಯ ಆಚೆಯಿಂದ ಉತ್ತರ ಬಂತು. ಓಂಂಂ... ಇನ್ನೂ ರೋಷದಿಂದ ಊದಿದೆ. ಅದೂ ಇನ್ನೂ ರೋಷದಿಂದ ಕೂಗಿತು. ಕಣ್ಣಿಗೆ ಪೂರ್ತಿ ಕಾಣುವವರೆಗೆ ಕೋವಿ ಎತ್ತಬಾರದು ಎಂಬ ನಿಯಮ ನೆನೆಯುತ್ತಾ, ಕೋವಿ ಹೆಗಲಿಗೆ ಹಾಕಿಕೊಂಡು, ಜರೀಗಿಡದ ಸಂದಿಯಲ್ಲಿ ಹೊಟ್ಟೆ ಮೇಲೆ ತೆವಳಿದೆ. ಊದುವುದು, ತೆವಳುವುದು. ಕೂಗು ಹತ್ತಿರವಾಯಿತು. ಎಲೆ ಸರಿಸಿದೆ. ಕಿತ್ತಲೆ ಬಣ್ಣ.

ಕಾಡು ನೋಡಲು ಗಾಡಿ ಬಿಟ್ಟು ಎದ್ದು ಬಂದಿದ್ದ ಎಂಜಿನಿಯರು ಸೊಂಟದವರೆಗೆ ಕೆಸರಿನಲ್ಲಿ ಹೂತು ನಿಂತಿದ್ದ. ನನ್ನನ್ನು ಕಂಡವನೇ ಸಿಡಿದ:

"ಮನುಷ್ಯನೇನೋ ನೀನು? ಆವಾಗಿಂದ ಕಾಪಾಡೋ ಅಂತ ಬಡ್ಕೋತಿದೀನಿ, ಪ್ರತಿ ಸಲ ಕೋಣನ ಥರ ಉತ್ತರ ಕೊಡ್ತೀಯ ಹೊರತು ಬರ್ತಾನೇ ಇಲ್ಲ!"

ಕೊನೆಯ ಭಾನುವಾರ

ಚಳಿಗಾಲ ಬಾಗಿಲಿಗೇ ಬಂತು. ಗಡುವಿನ ಕೊನೆಯ ಭಾನುವಾರ ನನ್ನವಳು ತಾನೂ ಫಾರ್ಮಿಗೆ ಹೊರಟಳು. "ಕೋವಿ ಅಜ್ಜನ ಕೈಗೆ ಒಪ್ಪಿಸಿ ಬರೋಣ, ಬರಿಗೈಲಿ ಹೋಗಬಾರದು" ಎಂದು ಮುದುಕನಿಗೆ ಒಂದು ಡಬ್ಬ ಕೋಡುಬಳೆ ಕರಿದಳು. ದಾರಿ ಖರ್ಚಿಗೆಂದು ನನ್ನ ಚೀಲಕ್ಕೂ ಒಂದಿಷ್ಟು ಹಾಕಿದಳು. ಅವಳೂ ಮುದುಕನೂ ಜಗಲಿಯಲ್ಲಿ ಟೀ ಹಿಡಿದು ಕೂತರು. ನಾನು ಕೋವಿಯ ಜೊತೆ ಕೊನೆಯ ಸಲ ಕಾಡಿನಂಚಿಗೆ ಹೋದೆ.

ಕೂತು ಸ್ವಲ್ಪ ಹೊತ್ತಾಗಿತ್ತು. ಪೊದೆಯಿಂದ ಜಿಂಕೆ ಹೊರಬಂತು. ತುಂಬಿದ ಮೈಯ ಹೆಣ್ಣು ಜಿಂಕೆ. ಹಿಡಿ ಎಳೆದೆ, ಚಕ್, ಚಕ್. ಜಿಂಕೆ ಓಡಬೇಕಿತ್ತು, ಓಡಲಿಲ್ಲ. ಕಿವಿ ನಿಮಿರಿಸಿ ನನ್ನ ಕಡೆಗೇ ಎರಡು ಹೆಜ್ಜೆ ಹಾಕಿತು. ಗುರಿ ಹಿಡಿದೆ. ಕೋವಿ ಉಳಿಯಿತು, ಮಾನ ಉಳಿಯಿತು ಎಂದು ಬೆರಳು ಬಿಗಿ ಮಾಡುವಷ್ಟರಲ್ಲಿ ಅದು ತಲೆ ಆಡಿಸಿತು. ಕಿವಿಯಲ್ಲಿ ಹಳದಿ ಪ್ಲಾಸ್ಟಿಕ್ ಬಿಲ್ಲೆ!

ಪಕ್ಕದ ಫಾರ್ಮಿನವನು ಜಿಂಕೆ ಸಾಕುತ್ತಾನೆ. ಬಾಟಲಿ ಹಾಲು ಕುಡಿಸಿ ಬೆಳೆಸಿದ ಒಂದು ಜಿಂಕೆ ಬೇಲಿ ಹಾರಿ ಹೋಗಿದೆ ಎಂದು ಅವನು ಊರೆಲ್ಲ ಹುಡುಕುತ್ತಿದ್ದ. ಮನೆಮಗಳ ಹಾಗೆ ಬೆಳೆದ ಪ್ರಾಣಿಗೆ ಹೊಡೆಯುವುದು ಹೇಗೆ? ಕೋವಿ ಇಳಿಸಿ, ತೋಟೆ ಎಲ್ಲ ಹೊರಗೆ ತೆಗೆದೆ. ದುಃಖಕ್ಕೆ ಚೀಲದಿಂದ ಒಂದು ಕೋಡುಬಳೆ ತೆಗೆದು ಕಟುಂ ಎಂದು ಕಡಿದೆ.

ಆ ಸದ್ದಿಗೆ ಜಿಂಕೆ ಓಡಿ ಬಂತು. ಓಡಿ ಹೋಗಲಿಲ್ಲ, ಓಡಿ ಬಂತು. ಮೂತಿ ಚೀಲದೊಳಗೆ ಹಾಕಿತು. ಒಂದು ಕೊಟ್ಟೆ, ಕಣ್ಣು ಮುಚ್ಚಿ ಅಗಿಯಿತು. ನಾನು ಎದ್ದು ಹೊರಟರೆ ಹಿಂದೆಯೇ ಹೊರಟಿತು. ನಿಂತರೆ ನಿಂತಿತು, ಬೆನ್ನಿಗೆ ಮೂತಿಯಿಂದ ಗುದ್ದಿತು. ಹೀಗೆ ಗುದ್ದಿಸಿಕೊಳ್ಳುತ್ತಾ ಗುಡ್ಡ ಇಳಿದೆ.

ಜಗಲಿಯಿಂದ ನನ್ನವಳು ಕೂಗಿದಳು: "ರೀ! ಹಿಂದೆ ನೋಡಿ, ಹಿಂದೆ! ಜಿಂಕೆ!"

"ಗೊತ್ತು ಕಣೇ!"

ಮುದುಕ ಟೀ ಕಪ್ಪು ಕೆಳಗಿಟ್ಟ. "ಈ ಬೆಟ್ಟದಲ್ಲಿ ಜಿಂಕೆ ಹೊತ್ಕೊಂಡು ಬಂದ ಬೇಟೆಗಾರರನ್ನ ಬೇಕಾದಷ್ಟು ಕಂಡಿದ್ದೀನಿ. ಜಿಂಕೆ ಬೇಟೆಗಾರನನ್ನ ಹೊಡ್ಕೊಂಡು ಬಂದದ್ದು ಇವತ್ತೇ ನೋಡಿದ್ದು."

ಫೋನು ಹೋಯಿತು. ಪಕ್ಕದ ಫಾರ್ಮಿನವನು ಬಂದು ಜಿಂಕೆಯ ಕೊರಳು ತಬ್ಬಿಕೊಂಡು ಅತ್ತೇಬಿಟ್ಟ. ಆಮೇಲೆ ಸಂತೋಷಕ್ಕೆ ತನ್ನ ಫ್ರೀಜರಿನಿಂದ ಒಂದು ಇಡೀ ತೊಡೆ ಮಾಂಸ ತಂದುಕೊಟ್ಟ. ಅದು ಬಾಟಲಿ ಹಾಲು ಸಿಗದ ಬೇರೆ ಯಾವುದೋ ನಿರ್ಭಾಗ್ಯ ಜಿಂಕೆಯದು.

ವಾಪಸ್ಸು ಹೋಗುವಾಗ ಕೋವಿ ಹಿಂದಿನ ಸೀಟಿನಲ್ಲಿರುತ್ತದೋ ಮುದುಕನ ಬೀರುವಿನಲ್ಲಿರುತ್ತದೋ ಎಂಬುದು ನನ್ನವಳ ಬಾಯಲ್ಲಿತ್ತು. ಅವಳು ಮಾಂಸದ ಪೆಟ್ಟಿಗೆ ನೋಡಿದಳು, ನನ್ನ ಮುಖ ನೋಡಿದಳು.

"ಜಿಂಕೆ ಮನೆಗೆ ಬರಬೇಕು ಅಂದಿದ್ದೆ. ಹೇಗೆ ಬರಬೇಕು ಅಂತ ಹೇಳಿರಲಿಲ್ಲ. ಮಾತು ಅಂದ್ರೆ ಮಾತು. ತಗೊಂಡು ಬನ್ನಿ ನಿಮ್ಮ ಕೋವೀನ."

ಮುಂದಿನ ವಾರ ಒನೆಹುಂಗಾದ ನಮ್ಮ ಮನೆ ತುಂಬ ಜನ. ಮೆಣಸು ಹಾಕಿದ ಜಿಂಕೆ ಸಾರು, ಮುದ್ದೆ. ಎಲ್ಲರೂ ಕೇಳಿದರು ಎಂದು ನಾನೂ ಬೇಟೆಯ ಕಥೆ ಶುರುಮಾಡಿದೆ. ಮಂಜು ಹೇಗೆ ಕವಿದಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಉಸಿರು ಹೇಗೆ ಬಿಗಿಹಿಡಿದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಬಿಲ್ಲೆಯವರೆಗೆ ಕಥೆ ಹೋಗಲಿಲ್ಲ, ಅಷ್ಟೆ. ಮುದ್ದೆ ಮುರಿಯುವುದನ್ನು ಮರೆತು ಕೇಳುತ್ತಿದ್ದ ಅಂಕಲ್ ಒಬ್ಬರು ಮುಂದಕ್ಕೆ ಬಾಗಿದರು.

"ಒಂದೇ ಗುಂಡಿಗೆ ಬಿತ್ತೇನಪ್ಪಾ?"

ನಾನು ಮೀಸೆ ಮೇಲೆ ಕೈಯಾಡಿಸಿ ಬಾಯಿ ತೆರೆಯುವುದರೊಳಗೆ ನನ್ನವಳು ಸಾರಿನ ಸೌಟು ಹಿಡಿದು ಬಂದಳು.

"ಗುಂಡು ಯಾಕೆ ಅಂಕಲ್? ಒಂದು ಕೋಡುಬಳೆಗೇ ಬಂತು."