ಬ್ಯಾಡಗಿಯ ಕೆಂಪು ಗಡ್ಡ

ಗುತ್ತಲದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಸರ್ಫರಾಜ ಚೆಸ್ ಟೂರ್ನಮೆಂಟುಗಳಿಗೆ ಹೋಗುತ್ತಿದ್ದ, ಸೋತು ಬರುತ್ತಿದ್ದ. ಆ ಭಾನುವಾರ ರಾಣೆಬೆನ್ನೂರಿನ ಕಲ್ಯಾಣ ಮಂಟಪದಲ್ಲಿ ಮಾತ್ರ ನಸೀಬು ತಿರುಗಿತ್ತು. ಮೊದಲ ಸುತ್ತಿನಲ್ಲೇ ಎದುರಾಳಿಯ ಎರಡೂ ಕುದುರೆ ಹೊಡೆದು ಕುಳಿತಿದ್ದ. ಎದುರಾಳಿ ಬ್ಯಾಡಗಿಯ ಹಿರಿಯರು, ಮದರಂಗಿ ಹಚ್ಚಿದ ಕೆಂಪು ಗಡ್ಡದವರು.

ನೀರು ಕುಡಿಯಲು ಎದ್ದು ಬಂದದ್ದೇ ತಪ್ಪಾಯಿತು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಸೋಮಪ್ಪ ತೋಳು ಹಿಡಿದು ಜಗ್ಗಿದ. ಅವನಿಗೆ ಚೆಸ್ ಬರದು, ಊರವರ ಸಂಬಂಧಗಳೆಲ್ಲ ಬಾಯಿಪಾಠ.

“ಯಾರ ಜೋಡಿ ಆಡಾಕತ್ತೀದಿ ಗೊತ್ತೈತೇನು? ನಾಳೆ ನಿನ್ನ ತಂಗೀನ ನೋಡಾಕ ಬರೋ ಹುಡುಗನ ದೊಡ್ಡಪ್ಪ, ಗೂಡುಸಾಬ! ಬ್ಯಾಡಗಿಯವ್ರು, ಕೆಂಪು ಗಡ್ಡ, ಚೆಸ್ಸಿನ ಹುಚ್ಚು. ಮತ್ತ್ಯಾರ ಇರ್ತಾರ?”

“ಖರೇನ?”

“ಖರೇ! ಬೀಗರನ್ನ ನಾಕ ಮಂದ್ಯಾಗ ಸೋಲಿಸಿ ನೋಡು, ಬೇನಜೀರನ ಲಗ್ನ ಅಲ್ಲಿಗೇ ಮುಗೀತು.”

ಹುಡುಗನ ಫೋಟೋ ನೋಡಿದಾಗಿನಿಂದ ತಂಗಿ ಒಲೆಯ ಮುಂದೆ ಹಾಡು ಗುನುಗುತ್ತಿದ್ದಳು. ಆ ಹಾಡು ನಿಲ್ಲಬಾರದು.

ವಾಪಸು ಬಂದವನೇ ತನ್ನ ಆನೆಯನ್ನು ಒಯ್ದು ಅವರ ಒಂಟೆಯ ಬಾಯಿಗಿಟ್ಟ. ಹಿರಿಯರು ಅದನ್ನು ಮುಟ್ಟಲಿಲ್ಲ, ಬದಲಿಗೆ ತಮ್ಮ ಮಂತ್ರಿಯನ್ನೇ ತಂದು ಇವನ ಕಾಲಾಳಿನ ಹೊಡೆತಕ್ಕೆ ನಿಲ್ಲಿಸಿದರು. ಎಂಥ ದೊಡ್ಡ ಮನಸ್ಸು! ತನ್ನ ಮರ್ಯಾದೆ ಉಳಿಸಲು ಅವರೂ ಸೋಲುತ್ತಿದ್ದಾರೆಂದು ಸರ್ಫರಾಜನ ಕಣ್ಣು ತುಂಬಿತು. ಮಂತ್ರಿಯನ್ನು ಕಂಡೂ ಕಾಣದವನಂತೆ ಇನ್ನೊಂದು ಆನೆ ಕೊಟ್ಟ. ನೀವು ಮೊದಲು, ನೀವು ಮೊದಲು ಎಂದು ಹೊಸ್ತಿಲಲ್ಲಿ ನಿಂತ ಬೀಗರಂತೆ ಆಟ ಸಾಗಿತು. ಕೊನೆಗೆ ಬೆವರು ಸುರಿಸಿ, ತನ್ನ ರಾಜನನ್ನು ತಾನೇ ಮೂಲೆಗೆ ಒಯ್ದು ಕೊಟ್ಟು, ಹೇಗೋ ಸೋತ.

ಹಿರಿಯರು ಎದ್ದು ಅಪ್ಪಿಕೊಂಡರು. “ಜೀವಮಾನದಾಗ ಮೊದಲ್ನೇ ಸಲ ಗೆದ್ದೆ ನೋಡ್ರಿ!”

“ನೀವು ಬೇಕಂತ ಮಂತ್ರಿ ಕೊಟ್ರಲ್ಲ, ಗೂಡುಸಾಬ್ರ?”

“ಕೊಟ್ಟಿದ್ನೇನು? ನಾ ನೋಡೇ ಇಲ್ಲ! ಮತ್ತ ನಾ ಅಶ್ಫಾಕ. ಗೂಡುಸಾಬ್ರು ಅಲ್ಲಿ ಕುಂತಾರ.”

ಪಕ್ಕದ ಮೇಜಿನಲ್ಲಿ ಇನ್ನೊಂದು ಕೆಂಪು ಗಡ್ಡ ಇವನನ್ನೇ ನೋಡುತ್ತಿತ್ತು. ಸರ್ಫರಾಜ ಸೋಮಪ್ಪನಿಗಾಗಿ ಹುಡುಕಿದ. ಆಸಾಮಿ ಚಾ ಅಂಗಡಿಗೆ ಪರಾರಿಯಾಗಿದ್ದ.

ಎರಡನೆಯ ಸುತ್ತಿನಲ್ಲಿ ಸೋತವರಿಗೆ ಸೋತವರೇ ಜೋಡಿ. ಎದುರಿಗೆ ಬಂದು ಕೂತವರು ಸಾಕ್ಷಾತ್ ಗೂಡುಸಾಬ. ಸರ್ಫರಾಜನಿಗೆ ಸಮಾಧಾನವೇ ಆಯಿತು, ಸೋಲಲು ಈಗ ಕೈ ಪಳಗಿತ್ತಲ್ಲ.

“ಬೇನಜೀರನ ಅಣ್ಣ ನೀವ ಹೌದಲ್ರಿ?” ಕಾಯಿಗಳನ್ನು ಜೋಡಿಸುತ್ತ ಅವರು ಕೇಳಿದರು. “ಹುಡುಗಿ ಫೋಟೋದಾಗ ನಮಗೆಲ್ಲ ಮನಸ್ಸಿಗೆ ಬಂದಾಳ. ಆದ್ರ ನಿಮ್ಮ ಆಟ ನೋಡಿದೆ. ಬೇಕಂತ ಸೋಲೋರ ಜೋಡಿ ನಾ ಬೀಗತನ ಮಾಡಂಗಿಲ್ಲ. ಖರೇ ಆಟ ಆಡ್ರಿ.”

ಸರ್ಫರಾಜ ಲೆಕ್ಕ ಹಾಕಿದ. ಇನ್ನು ಖರೇ ಆಡಿ ಸೋತರೂ ಬೇಕಂತಲೇ ಸೋತ ಎನ್ನುತ್ತಾರೆ. ಅಂದರೆ ಗೆಲ್ಲಲೇಬೇಕು, ಅದೂ ಇವತ್ತೇ.

ಬಿಸ್ಮಿಲ್ಲಾ ಎಂದು ಕಾಲಾಳನ್ನು ಮುಂದಿಟ್ಟ. ಅಷ್ಟರಲ್ಲಿ ಬಾಗಿಲಲ್ಲಿ ಸೋಮಪ್ಪ ಪ್ರತ್ಯಕ್ಷನಾಗಿ, ಏನೋ ಹೇಳಲು ಕೈ ಬೀಸತೊಡಗಿದ. ಸರ್ಫರಾಜ ಕುರ್ಚಿಯನ್ನು ತಿರುಗಿಸಿ ಅವನಿಗೆ ಬೆನ್ನು ಹಾಕಿ ಕುಳಿತ.