ಯಾರೂ ನೋಂದಾಯಿಸದ ಮುಖ

ಸುಳ್ಳು ಅನ್ನುವವರಿದ್ದರೆ ಈಗಲೇ ಎದ್ದು ನಿಂತು ಅನ್ನಿರಿ, ನಾನು ಇಲ್ಲೇ ಕೂತಿದ್ದೇನೆ. ಗುರುಗುಂಟಾದಲ್ಲಿ ಮೆಟ್ರಿಕ್ ದಾಟಿದವನು ನಾನೊಬ್ಬನೇ. ಇಂಗ್ಲಿಷ್, ಉರ್ದು, ಕನ್ನಡ ಮೂರೂ ಓದಬಲ್ಲೆ. ಓದು ಬಂದವನಿಗೇ ಇಂಥವು ಮೇಲಿಂದ ಮೇಲೆ ಗಂಟು ಬೀಳುತ್ತವೆ. ಬಾರದವರು ಬೀಡಿ ಸೇದಿಕೊಂಡು ಸುಖವಾಗಿರುತ್ತಾರೆ.

೧. ಹುಂಜ ಹೋಯಿತು

ನಾನು ಲೆಕ್ಕ ಬರೆಯುತ್ತಿದ್ದ ಮಸ್ಕಿಯ ಸಾಹುಕಾರರ ಬೀಡಿಕಟ್ಟಿನ ಮೇಲೆ ಹುಂಜದ ಚಿತ್ರವಿತ್ತು. ನಿಜಾಮರ ಆಳ್ವಿಕೆ ಮುಗಿದು ದೇಶದ ಕಾನೂನು ನಮ್ಮ ಕಡೆಗೂ ಬಂದ ಮೇಲೆ ಒಂದು ನೋಟೀಸು ಬಂತು: ಆ ಹುಂಜ ದೂರದ ವ್ಯಾಪಾರಿಯೊಬ್ಬನ ಹೆಸರಿನಲ್ಲಿ ನೋಂದಣಿಯಾಗಿದೆ, ನೀವು ಬಳಸಕೂಡದು.

ಪಕ್ಕದ ಮಾಳಿಗೆಯ ಮೇಲೆ ಹುಂಜ ಕೂಗುತ್ತಿತ್ತು. ಸಾಹುಕಾರರು ಅದರ ಕಡೆ ಕೈ ಮಾಡಿ, "ಇದೂ ಅವಂದೇನು?" ಎಂದರು.

"ಇಲ್ರೀ, ಚಿತ್ರ ಅಷ್ಟ ಅವಂದು."

"ಹಂಗಾದ್ರ ಹುಂಜಕ್ಕ ಏನ್ ಉಳೀತು, ಕೂಗೋದಷ್ಟ?"

ನಮ್ಮ ಗಿರಾಕಿಗಳು ಅಕ್ಷರ ಓದುವವರಲ್ಲ, ಚಿತ್ರ ನೋಡಿ ಕೊಳ್ಳುವವರು. ಚಿತ್ರವಿಲ್ಲದಿದ್ದರೆ ಬೀಡಿಯಿಲ್ಲ. ಸಾಹುಕಾರರು ಮಾತು ಕೊಟ್ಟರು: "ಯಾರೂ ಹಿಡೀದಂಥ ಗುರುತು ಹುಡುಕು. ಸಿಂಧನೂರು ಅಂಗಡಿ ಕುರ್ಚಿ ನಿಂದು."

ನಮ್ಮಪ್ಪ ಹುಟ್ಟಿದಾಗಿನಿಂದ ನೆಲದ ಮೇಲೇ ಕೂತು ಸತ್ತವನು. ಆ ಕುರ್ಚಿ ನನಗೆ ಬೇಕೇ ಬೇಕಿತ್ತು.

೨. ದೇವರ ದಾಸ್ತಾನು

ನೋಂದಣಿಯಾದ ಗುರುತುಗಳನ್ನೆಲ್ಲ ಅಚ್ಚು ಹಾಕಿದ ಸರಕಾರಿ ಪುಸ್ತಕಗಳು ಲಿಂಗಸುಗೂರಿನ ವಕೀಲರೊಬ್ಬರ ಬಳಿ ಟ್ರಂಕಿನ ತುಂಬ ಇದ್ದವು. ಹನ್ನೊಂದು ದಿನ ಧೂಳು ಕುಡಿದೆ. ಹುಲಿ, ಆನೆ, ನವಿಲು, ಕೀಲಿಕೈ, ಚಂದ್ರ, ಎಲ್ಲಕ್ಕೂ ಒಡೆಯರಿದ್ದರು. ಚೇಳನ್ನಾದರೂ ಬಿಟ್ಟಿರಬಹುದೆಂದುಕೊಂಡೆ; ಚೇಳಿಗೆ ಇಬ್ಬರು ಬಡಿದಾಡಿದ್ದರು.

"ದೇವರು ಮಾಡಿದ್ದೆಲ್ಲ ಖಲಾಸ್ ಆಗ್ಯದ, ತಮ್ಮಾ," ಎಂದರು ವಕೀಲರು.

ನಾನು ಮೀಸೆ ತಿರುವಿದೆ. "ನನ್ನೂ ದೇವರೇ ಮಾಡ್ಯಾನ್ರೀ. ಈ ಮುಖ ಯಾವ ಪುಸ್ತಕದಾಗದ, ತೋರಸ್ರಿ."

ವಕೀಲರು ನಿಜವಾಗಿಯೂ ಹುಡುಕಿದರು. ಸಂಜೆ ಕನ್ನಡಕ ತೆಗೆದಿಟ್ಟು, "ನಿನ್ನ ಮುಖ ಇಡೀ ದೇಶದಾಗ ಯಾರಿಗೂ ಬೇಕಾಗಿಲ್ಲಪಾ," ಎಂದರು.

ಅದನ್ನು ಹೊಗಳಿಕೆಯೆಂದೇ ತಿಳಿದು ಸಿಂಧನೂರಿಗೆ ಹೋಗಿ ಫೋಟೋ ಹೊಡೆಸಿದೆ.

೩. ಮಣ್ಣಿಗೆ ಬಂದವರು

ಅರ್ಜಿ ಮಂಜೂರಾಯಿತು, ಬೀಡಿಕಟ್ಟಿಗೆ ಅಂಟಿಸುವ ನನ್ನ ಮುಖದ ಚೀಟಿ ಅಚ್ಚಾಯಿತು. ನನಗಿಂತ ಮೊದಲು ನನ್ನ ಬೀಡಿಯೇ ಗುರುಗುಂಟಾ ಮುಟ್ಟಿತು. ನಾನು ಮರೆತದ್ದು ಒಂದೇ: ನಮ್ಮ ಕಡೆಯ ಹಳ್ಳಿಗಳಲ್ಲಿ ಸತ್ತವರದು ಬಿಟ್ಟರೆ ಯಾರದೂ ಫೋಟೋ ಇರಲಿಲ್ಲ. ಫೋಟೋ ಅಂದರೆ ಅದಕ್ಕೊಂದು ಹಾರ.

ಬಸ್ಸಿಳಿದು ಹೋದರೆ ನಮ್ಮ ಅಂಗಳದಲ್ಲಿ ಹೆಂಗಸರು ಅಳುತ್ತಿದ್ದರು. ಸೋದರತ್ತೆ ನನ್ನನ್ನು ನೋಡಿ ಸಿಟ್ಟಿಗೆದ್ದಳು. "ಮೂರು ಹರದಾರಿ ನಡಕೊಂತ ನಿನ್ನ ಮಣ್ಣಿಗೆ ಬಂದೀನಿ. ಎದುರಿಗೇ ಬಂದು ನಿಂತೀಯಲ್ಲಲೇ!"

"ನಾ ಸತ್ತಿಲ್ಲ, ಅತ್ತಿ."

"ಮತ್ತ ಫೋಟೋ ಯಾಕ ಹೊಡಸಿದಿ?"

ಅವ್ವ, ಜನ ಸೇದಿ ಬಿಸಾಡಿದ ಚೀಟಿಗಳನ್ನು ಬೀದಿಯಿಂದ ಆರಿಸಿ ತಂದು, ಯಾರೂ ತುಳಿಯದಂತೆ ದೇವರ ಗೂಡಿನಲ್ಲಿ ಒಟ್ಟಿದ್ದಳು. ಒಂದೊಂದಕ್ಕೂ ವಿಭೂತಿ ಹಚ್ಚಿದ್ದಳು.

೪. ಕುರ್ಚಿ

ಸಿಂಧನೂರಿನ ಕುರ್ಚಿಯಲ್ಲಿ ನಾನು ಕೂತದ್ದು ಅರ್ಧ ದಿನ. ಮೊದಲ ಗಿರಾಕಿ ದಢೇಸುಗೂರಿನ ರೈತ. ಕಟ್ಟು ನೋಡಿದ, ನನ್ನನ್ನು ನೋಡಿದ, ಕಟ್ಟು ಕೆಳಗಿಟ್ಟು, ಕೈಮುಗಿದು ಹೊರಟೇಹೋದ. ಎರಡನೆಯವನು ಒಳಗೇ ಬರಲಿಲ್ಲ.

ಮಧ್ಯಾಹ್ನ ಸಾಹುಕಾರರು ಬಂದರು. "‘ಪಾಪ, ಸಣ್ಣ ವಯಸ್ಸಿಗೆ ಹೋದ, ಭಾಳ ಚಲೋ ಹುಡುಗ ಇದ್ದನಂತ’ ಅಂತ ಮಂದಿ ನಿನ್ನ ಹೆಸರಿಲೆ ಸೇದಾಕತ್ತಾರ. ವ್ಯಾಪಾರ ಭರ್ಜರಿ ಅದ. ನೀ ಇಲ್ಲಿ ಕುಂತ್ರ ಕೆಡತದ."

"ಮುಖ ನಂದಲ್ಲೇನ್ರೀ?"

"ನಿಂದಿತ್ತು. ಈಗ ನನ್ನ ಹೆಸರಿಲೆ ನೋಂದಣಿ ಆಗ್ಯದ. ಏಳು."

ನಾನು ಬದುಕಿರುವಾಗ ನನ್ನನ್ನು ಚಲೋ ಹುಡುಗ ಅಂದವರಿಲ್ಲ, ನನ್ನನ್ನು ಬಿಟ್ಟರೆ. ಎದ್ದೆ. ಕುರ್ಚಿ ಸಾಹುಕಾರರ ಭಾವಮೈದುನನಿಗೆ ಹೋಯಿತು. ನನಗೆ ಕೊಟ್ಟದ್ದು ಒಂದು ಕಟ್ಟು ಬೀಡಿ. ನಾನು ಬೀಡಿ ಸೇದುವುದಿಲ್ಲ.